ಕಂದಾಯ ಜಾಸ್ತಿ ಮಾಡಿ ಎಂದವರು

ಹೋದ ತಿಂಗಳು ನನ್ನ ಮಗಳ ಶಾಲೆಯಲ್ಲಿ ಹೊಸ ಕಕ್ಕಸುಗಳ ಉದ್ಘಾಟನೆ ಆಯಿತು. ತಮಾಷೆಗೆ ಹೇಳುತ್ತಿಲ್ಲ. ಮೇಯರ್ ಬಂದಿದ್ದರು, ರಿಬ್ಬನ್ ಇತ್ತು, ಕತ್ತರಿ ಇತ್ತು, ನಾಲ್ಕನೇ ಕ್ಲಾಸಿನ ಮಕ್ಕಳು ಹಾಡು ಹಾಡಿದರು. ಊರಿನ ಪತ್ರಿಕೆಯವನು ಎಲ್ಲರನ್ನೂ ಕೈತೊಳೆಯುವ ಬೇಸಿನ್‌ಗಳ ಮುಂದೆ ನಿಲ್ಲಿಸಿ ಫೋಟೊ ತೆಗೆದ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ಅಲ್ಲಿದ್ದ ಯಾರ ಮೇಲೂ ಅಲ್ಲ, ಅಲ್ಲಿರದ ಒಬ್ಬರ ಮೇಲೆ. ಅವರು ಈ ಚಳಿಗಾಲದಲ್ಲಿ ತೀರಿಕೊಂಡರು. ಇಷ್ಟು ವರ್ಷ ಎಲ್ಲರ ಪ್ರಾಣ ತಿಂದವರಿಗೆ ಇನ್ನೊಂದು ವಸಂತದವರೆಗೆ ಕಾಯಲು ಏನು ಧಾಡಿಯಾಗಿತ್ತು?

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಕುಂದಾಪುರದ ಕಡೆಯವರು. ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು ನಾನು ಹುಟ್ಟುವ ಮುಂಚೆಯೇ ಜರ್ಮನಿಗೆ ಬಂದು, ಕಾರುಗಳಿಗೆ ಬಣ್ಣ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ ನಿವೃತ್ತಿಯವರೆಗೂ ಕೆಲಸ ಮಾಡಿದವರು. ಜರ್ಮನ್ ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಬೊಬ್ಲಿಂಗೆನ್‌ಗೆ ಹತ್ತಿರದ ನಮ್ಮ ಸಣ್ಣ ಊರಿನ ಏರಿನಲ್ಲಿ ಒಂದು ಪುಟ್ಟ ಹಳೇ ಮನೆ, ಅದರ ಹಿಂದೆ ಮನೆಗಿಂತ ಎಷ್ಟೋ ದೊಡ್ಡ ತೋಟ. ಆಳು ಕುಳ್ಳು, ತೆಳ್ಳಗೆ. ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದರು. ದೀಪಾವಳಿ ಕಾರ್ಯಕ್ರಮಕ್ಕೆ ರೇಷ್ಮೆ ಸೀರೆ ಉಟ್ಟು, ಕೆಳಗೆ ಬೆಟ್ಟ ಹತ್ತುವ ಬೂಟು ಹಾಕಿಕೊಂಡು ಬರುತ್ತಿದ್ದರು. ಧ್ವನಿ ಮಾತ್ರ ಮೈಕು ಬೇಡದ್ದು.

ಮೊದಲ ಸಲ ಸಿಕ್ಕಿದ್ದು ಎಸ್-ಬಾನ್ ರೈಲಿನಲ್ಲಿ. ಸೀಟಿನ ಮೇಲೆ ಶೂ ಇಟ್ಟಿದ್ದಕ್ಕೆ ಮಗಳನ್ನು ನಾನು ಕನ್ನಡದಲ್ಲಿ ಗದರುತ್ತಿದ್ದೆ. ಎದುರಿಗೆ ಕೂತಿದ್ದವರು ಓದುತ್ತಿದ್ದ ಪೇಪರನ್ನು ಇಳಿಸಿದರು.

"ಯಾವ ಊರು ನಿಂದು?"

"ತುಮಕೂರು," ಎಂದೆ. ಕನ್ನಡ ಕೇಳಿದ ಖುಷಿಯಲ್ಲಿ ಇನ್ನೇನೋ ಹೇಳಹೊರಟಿದ್ದೆ.

"ಮನೆ ಸ್ವಂತದ್ದಾ, ಬಾಡಿಗೆಯದ್ದಾ?"

ಇಷ್ಟು ವರ್ಷ ಇಲ್ಲಿದ್ದರೂ ಊರಿನ ಕೆಟ್ಟ ಚಾಳಿ ಬಿಟ್ಟಿಲ್ಲವಲ್ಲ ಎಂದುಕೊಂಡೆ. ಬಾಡಿಗೆ ಎಂದೆ.

"ಬಾಡಿಗೆ ಆದ್ರೂ ನೀನು ಊರಿಗೆ ಮನೆ ಕಂದಾಯ ಕಟ್ತಿ. ಗೊತ್ತುಂಟಾ?"

"ಅದು ಓನರ್ ಕಟ್ಟೋದಲ್ವಾ ಆಂಟಿ?"

"ಓನರ್ ಕಟ್ಟಿ ನಿನ್ನ ಹತ್ರ ವಸೂಲು ಮಾಡ್ತಾನೆ. ವರ್ಷಕ್ಕೊಮ್ಮೆ ನೇಬೆನ್‌ಕೋಸ್ಟೆನ್ ಅಂತ ಬರ್ತದಲ್ಲ, ನೀರು, ಕಸ, ಮೆಟ್ಟಿಲಿನ ದೀಪ ಅಂತ ಎಲ್ಲ ಬರೆದು? ಅದ್ರೊಳಗೆ ಇದೂ ಉಂಟು. ಕಣ್ಣು ಬಿಟ್ಟು ಓದು. ಮತ್ತೆ, ನಾನು ಯಾರ ಆಂಟಿಯೂ ಅಲ್ಲ. ಅಕ್ಕ ಅನ್ನು."

ಎಪ್ಪತ್ತು ದಾಟಿದವರನ್ನು ಅಕ್ಕ ಎನ್ನಲು ನಾಲಿಗೆ ಹೊರಳಲಿಲ್ಲ. ಆದರೆ ಅವರ ಎದುರು ನಾಲಿಗೆಯ ಕಷ್ಟಗಳಿಗೆಲ್ಲ ಬೆಲೆಯಿರಲಿಲ್ಲ. ಮನೆಗೆ ಹೋಗಿ ನೋಡಿದರೆ, ಹೌದು, ಕಸದ ಶುಲ್ಕದ ಕೆಳಗೇ ಕಂದಾಯ ಇತ್ತು. ಮೂರು ವರ್ಷದಿಂದ ಕಟ್ಟುತ್ತಿದ್ದೆವು, ನನ್ನ ಗಂಡನಿಗೂ ಗೊತ್ತಿರಲಿಲ್ಲ. ಮುಂದಿನ ಶನಿವಾರ ಅವರು ಹೇಳದೆ ಕೇಳದೆ ಮನೆಗೆ ಬಂದರು. ಕೈಯಲ್ಲಿ ಮೊಸರಿನ ಡಬ್ಬಿ, ಅದರಲ್ಲಿ ಬೆರಳುದ್ದದ ಕರಿಬೇವಿನ ಸಸಿ. "ಬಿಸಿಲು ಬರುವ ಕಿಟಕಿ ಯಾವುದು? ಅಲ್ಲಿಡು. ಇದನ್ನು ಕೊಲ್ಬೇಡ, ಆಯ್ತಾ," ಎಂದರು. ಒಳಗೂ ಬರಲಿಲ್ಲ.

ಆ ಸಸಿಗೆ ನಾನು ನಲ್ಲಿಯಿಂದ ನೀರು ಹಾಕಿದ್ದು ಕಡಿಮೆ. ಹಾಕಬೇಕಾಗಿಯೇ ಇರಲಿಲ್ಲ. ಆಗ ಎರಡನೇ ಕ್ಲಾಸಿನಲ್ಲಿದ್ದ ಮಗಳ ನೀರಿನ ಬಾಟಲಿ ದಿನವೂ ಶಾಲೆಯಿಂದ ತುಂಬಿದ್ದು ತುಂಬಿದ ಹಾಗೆಯೇ ವಾಪಸ್ ಬರುತ್ತಿತ್ತು. ಚೆಲ್ಲಲು ಮನಸ್ಸಾಗದೆ ಗಿಡಕ್ಕೆ ಸುರಿಯುತ್ತಿದ್ದೆ. ಗಿಡ ಸೊಂಪಾಗಿ ಬೆಳೆಯಿತು, ಹುಡುಗಿ ಸೊರಗಿದಳು. ಯಾಕೆ ಕುಡಿಯಲ್ಲ ಎಂದರೆ ಬಾಯಾರಿಕೆಯಿಲ್ಲ ಎನ್ನುತ್ತಿದ್ದಳು. ಒಂದು ದಿನ ಜ್ವರ ಬಂತು, ಉಚ್ಚೆ ಹೊಯ್ಯುವಾಗ ಅತ್ತಳು. ಮಕ್ಕಳ ಡಾಕ್ಟರು ಸೋಂಕು ಎಂದು ಔಷಧಿ ಬರೆದು, ಮಗುವಿಗೆ ನೀರು ಕುಡಿಸುವುದು ಹೇಗೆಂದು ನನಗೇ ಪಾಠ ಮಾಡಿ ಕಳಿಸಿದರು. ಮನೆಗೆ ಬಂದ ಮೇಲೆ ಬಾಯಿಬಿಟ್ಟಳು, ಅದೂ ಜರ್ಮನ್‌ನಲ್ಲಿ. ಕೆಳಗಿನ ಕಕ್ಕಸಿಗೆ ಕೆಂಪು ಬಿಳಿ ಪಟ್ಟಿ ಸುತ್ತಿ ಮುಚ್ಚಿದ್ದಾರಂತೆ. ಮೇಲಿನದಕ್ಕೆ ಬಾಗಿಲು ಹಾಕಿಕೊಳ್ಳಲು ಆಗುವುದಿಲ್ಲವಂತೆ, ನೆಲದಲ್ಲಿ ಸದಾ ನೀರಂತೆ, ವಾಸನೆಗೆ ವಾಂತಿ ಬರುತ್ತದಂತೆ. ನೀರು ಕುಡಿಯದಿದ್ದರೆ ಹೋಗಬೇಕಾಗುವುದಿಲ್ಲವಲ್ಲ?

ಈ ಉಪಾಯ ನನಗೆ ಹೊಸದಲ್ಲ. ತುಮಕೂರಿನ ಹೈಸ್ಕೂಲಿನಲ್ಲಿ ನಾವು ಹುಡುಗಿಯರೆಲ್ಲ ಇದನ್ನೇ ಮಾಡುತ್ತಿದ್ದೆವು. ಬೆಳಿಗ್ಗೆ ಕಾಫಿ ಕುಡಿದರೆ ಮತ್ತೆ ನೀರು ಮುಟ್ಟುತ್ತಿದ್ದುದು ಸಂಜೆ ಮನೆ ಸೇರಿದ ಮೇಲೆ. ನಾನು ಮಗಳಿಗೆ ರಂಗೋಲಿ ಕಲಿಸಿದ್ದೆ, ಮಗ್ಗಿ ಕಲಿಸಿದ್ದೆ, ಇದನ್ನು ಕಲಿಸಿರಲಿಲ್ಲ. ಇಷ್ಟು ದೂರ ಬಂದು, ವೀಸಾಕ್ಕೆ ಪರದಾಡಿ, ಈ ಭಾಷೆ ಕಲಿಯಲು ತಲೆ ಚಚ್ಚಿಕೊಂಡು, ಕೊನೆಗೆ ಅವಳು ಇಲ್ಲಿಯೂ ಅದನ್ನೇ ಕಲಿತಳಲ್ಲ ಎಂದು ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಪೋಷಕರ ಸಭೆಯಲ್ಲಿ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗಿಸಿಕೊಂಡು ಕೂತು ಎಲ್ಲರೂ ದೂರಿದೆವು. ಮುಖ್ಯೋಪಾಧ್ಯಾಯಿನಿ ಪಾಪ, ಸಾವಧಾನವಾಗಿ ವಿವರಿಸಿದರು. ಟೀಚರುಗಳ ಸಂಬಳ ರಾಜ್ಯದ್ದು. ಗೋಡೆ, ಕಿಟಕಿ, ಪೈಪು, ಕಕ್ಕಸು ಊರಿನದು. ಊರಿಗೆ ದುಡ್ಡು ಬರುವುದು ಮುಖ್ಯವಾಗಿ ಇಲ್ಲಿಯ ಕಂಪನಿಗಳ ತೆರಿಗೆಯಿಂದ ಮತ್ತು ಮನೆ ಕಂದಾಯದಿಂದ. ಕಾರಿನ ಬಿಡಿಭಾಗ ಮಾಡುವ ಕಂಪನಿಗಳು ಸೊರಗಿವೆ, ಬೊಕ್ಕಸ ಬರಿದಾಗಿದೆ. ಕಕ್ಕಸಿನ ರಿಪೇರಿಯನ್ನು ಪರಿಸ್ಥಿತಿ ಸುಧಾರಿಸುವವರೆಗೆ ಮುಂದೂಡಲಾಗಿದೆ. ಎಂಟು ವರ್ಷದ ಮಗು ಪರಿಸ್ಥಿತಿ ಸುಧಾರಿಸುವವರೆಗೆ ಹೇಗೆ ತಡೆದುಕೊಳ್ಳಬೇಕು ಎಂದು ಯಾರೂ ಕೇಳಲಿಲ್ಲ.

ಆ ಶಾಲೆಯಲ್ಲಿ ನಮ್ಮವು ಐದಾರು ಕನ್ನಡ ಮನೆಗಳು. ಸಭೆ ಮುಗಿದು ಹೊರಗೆ ನಿಂತಾಗ ಚೇತನ್ ಒಂದು ದಾರಿ ಹೇಳಿದ. ಚೇತನ್ ಬೆಂಗಳೂರಿನವನು, ನನ್ನ ಗಂಡನ ಸಹೋದ್ಯೋಗಿ, ಬರುವ ವರ್ಷ ಮಗನನ್ನು ಅದೇ ಶಾಲೆಗೆ ಸೇರಿಸುವವನಿದ್ದ, ಆಗಷ್ಟೇ ಊರಿನ ಅಂಚಿನಲ್ಲಿ ಸಾಲುಮನೆಯೊಂದಕ್ಕೆ ಮುಂಗಡ ಕೊಟ್ಟಿದ್ದ.

"ಗುರು, ಇವ್ರನ್ನ ನಂಬ್ಕೊಂಡ್ರೆ ಆಗಲ್ಲ. ನಾವೇ ಕಲೆಕ್ಟ್ ಮಾಡಿ ಮಾಡಿಸ್ಬಿಡೋಣ. ಸ್ಕೂಲ್ ಫೆಸ್ಟಲ್ಲಿ ದೋಸೆ ಸ್ಟಾಲ್ ಹಾಕೋಣ. ಕನ್ನಡದವ್ರು ಮಾಡಿಸಿದ್ದು ಅಂತ ಒಂದ್ ಸಣ್ಣ ಬೋರ್ಡ್ ಹಾಕಿದ್ರಾಯ್ತು."

ನಮಗೆಲ್ಲ ಇದು ಅತ್ಯಂತ ಸಹಜವಾಗಿ ಕಂಡಿತು. ನಮ್ಮಲ್ಲಿ ಶಾಲೆಯ ಗೋಡೆ ಗಡಿಯಾರದ ಮೇಲೆ, ಬೀರುವಿನ ಮೇಲೆ, ನೀರಿನ ಟ್ಯಾಂಕಿನ ಮೇಲೆ ಕೊಟ್ಟವರ ಹೆಸರಿರುತ್ತದೆ. ದೇವಸ್ಥಾನದ ಟ್ಯೂಬ್‌ಲೈಟಿನಲ್ಲಿ ದಾನಿಗಳ ಹೆಸರು ಬರೆದು ಬರೆದು ಬೆಳಕೇ ಬೀಳದಿರುವುದೂ ಉಂಟು. ದೋಸೆ ಹಿಟ್ಟು ರುಬ್ಬುವ ಭಾರ ನನ್ನ ತಲೆಗೆ ಬಂತು. ಜರ್ಮನಿಯ ಜೂನ್ ತಿಂಗಳಲ್ಲಿ ಹಿಟ್ಟು ಹುಳಿ ಬರಿಸುವ ಕಷ್ಟ ಬರೆಯಹೋದರೆ ಅದೇ ಬೇರೆ ಕತೆಯಾಗುತ್ತದೆ.

ಸ್ಟಾಲಿನ ಮೇಲೆ ದೊಡ್ಡದಾಗಿ ಬಟ್ಟೆಯ ಬ್ಯಾನರ್ ಕಟ್ಟಿದ್ದೆವು: ಶಾಲೆಯ ಕಕ್ಕಸಿಗಾಗಿ ಕನ್ನಡ ಕುಟುಂಬಗಳ ಕೊಡುಗೆ. ಜರ್ಮನ್‌ನಲ್ಲೂ ಇತ್ತು. ದೋಸೆಗೆ ಸಾಲು ಹಬ್ಬಿತ್ತು. ಅವರು ಬೂಟು ಸದ್ದು ಮಾಡುತ್ತ ಬಂದರು. ಎರಡು ದೋಸೆ ತಿಂದರು, ಚಟ್ನಿಗೆ ಉಪ್ಪು ಸಾಲದು ಎಂದರು, ಮೂರನೆಯದನ್ನೂ ಹಾಕಿಸಿಕೊಂಡರು. ಆಮೇಲೆ ಬ್ಯಾನರಿನತ್ತ ಕೈ ತೋರಿಸಿ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಶುರುಮಾಡಿದರು.

"ಅದನ್ನು ಇಳಿಸು. ಎಂತ ಮರ್ಯಾದೆಗೇಡು ಮಾರಾಯ್ತಿ ಇದು!"

"ಅಕ್ಕ, ಒಳ್ಳೆ ಕೆಲಸಕ್ಕೇ ಅಲ್ವಾ ಮಾಡ್ತಿರೋದು?" ನಾನು ಕಾವಲಿಯಿಂದ ಕಣ್ಣೆತ್ತದೆ ಹೇಳಿದೆ.

"ನಮ್ಮ ಶಾಲೆಯಲ್ಲಿ ಒಂದು ಫ್ಯಾನ್ ಇತ್ತು. ಅದ್ರ ಮೂರೂ ರೆಕ್ಕೆ ಮೇಲೆ ಹೆಸರು. ಅಪ್ಪಂದು ಒಂದ್ರಲ್ಲಿ, ಅಮ್ಮಂದು ಒಂದ್ರಲ್ಲಿ, ಕೊಟ್ಟ ಮಗಂದು ಒಂದ್ರಲ್ಲಿ. ನಾನು ಆ ಶಾಲೆ ಬಿಡುವವರೆಗೂ ಮೂರು ಹೆಸರೂ ಚೆಂದ ಓದ್ಲಿಕ್ಕೆ ಆಗ್ತಿತ್ತು. ಯಾಕೆ ಹೇಳು?"

"ಯಾಕೆ?"

"ಅದು ಒಂದು ದಿನವೂ ತಿರುಗ್ಲಿಲ್ಲ. ಕರೆಂಟ್ ಬಿಲ್ಲು ಕಟ್ಟುವವರು ಯಾರೂ ಇರ್ಲಿಲ್ಲ. ಬಿಲ್ಲಿನ ಮೇಲೆ ಹೆಸರು ಬರೀಲಿಕ್ಕೆ ಆಗುದಿಲ್ವಲ್ಲ! ಶಾಲೆ ನಡಿಯುದು ಕಂದಾಯದಲ್ಲಿ. ನಿಮ್ಮ ದೋಸೆಯಲ್ಲಿ ಅಲ್ಲ."

ಚೇತನ್ ನನ್ನ ಕಿವಿಯಲ್ಲಿ "ಇವ್ರನ್ನ ಯಾರು ಕರೆದ್ರು?" ಎಂದ. ಯಾರೂ ಕರೆದಿರಲಿಲ್ಲ. ಅವರನ್ನು ಎಲ್ಲಿಗೂ ಯಾರೂ ಕರೆಯುತ್ತಿರಲಿಲ್ಲ, ಆದರೂ ಬರುತ್ತಿದ್ದರು.

ದುಡ್ಡು ಚೆನ್ನಾಗಿಯೇ ಒಟ್ಟಾಯಿತು. ಅದನ್ನು ತೆಗೆದುಕೊಂಡು ಹೋದರೆ ಊರಿನ ಕಚೇರಿಯವರು ಹೇಳಿದ್ದೇನು? ಪೈಪು, ಚರಂಡಿ, ಗೋಡೆ ಊರಿನ ಆಸ್ತಿ, ಅದನ್ನು ಪೋಷಕರು ಮುಟ್ಟುವ ಹಾಗಿಲ್ಲ. ಬೇಕಾದರೆ ಬಣ್ಣ ಹೊಡೆಸಬಹುದು, ಕನ್ನಡಿ ಹಾಕಿಸಬಹುದು. ಸರಿ, ಬಣ್ಣ ಹೊಡೆಸಿದೆವು. ಒಂದು ಶನಿವಾರವೆಲ್ಲ ನಾವೇ ನಿಂತು ಸಮುದ್ರ, ಮೀನು, ಆಮೆ ಬರೆದೆವು. ಅವರು ಬಾಗಿಲಲ್ಲಿ ನಿಂತು ಅಂಗೈಯಿಂದ ಗೋಡೆ ಒತ್ತಿ ನೋಡಿ, "ಒಳಗೆ ಪೈಪು ಸೋರ್ತಾ ಉಂಟು. ಒದ್ದೆ ಗೋಡೆಗೆ ಬಣ್ಣ ನಿಲ್ಲುದಿಲ್ಲ. ಜನ್ಮವೆಲ್ಲ ಬಣ್ಣ ಮಾಡಿದವಳು ಹೇಳ್ತಾ ಇದ್ದೇನೆ," ಎಂದು ಹೋದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವಷ್ಟರಲ್ಲಿ ಆಮೆ ಅರ್ಧ ಉದುರಿತ್ತು. ವಾಸನೆ ಹಾಗೇ ಇತ್ತು. ಬಾಟಲಿ ತುಂಬಿಯೇ ಬರುತ್ತಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಮುಂದೆ ಕಾದಿತ್ತು. ಒಂದು ಬೆಳಿಗ್ಗೆ ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿರುವಾಗ ಅವರ ಫೋನ್ ಬಂತು. ಅವರ ಫೋನಿಗೆ ಹಲೋ ಇರುತ್ತಿರಲಿಲ್ಲ.

"ಕೇಳಿದ್ಯಾ? ನಿನ್ನೆ ಊರಿನ ಕೌನ್ಸಿಲಲ್ಲಿ ಖಜಾನೆ ಅಧಿಕಾರಿ ನಿಮಗೆ ಥ್ಯಾಂಕ್ಸ್ ಹೇಳಿದ."

"ಹೌದಾ?" ಎಂದೆ, ಪೆದ್ದಿಯ ಹಾಗೆ ಖುಷಿಪಟ್ಟು.

"ಭಾರತೀಯ ಪೋಷಕರು ಇಷ್ಟು ಮುತುವರ್ಜಿಯಿಂದ ಕಕ್ಕಸನ್ನು ಅಂದ ಮಾಡಿದ್ದಾರೆ, ಆದ್ದರಿಂದ ಅದು ಈಗ ತುರ್ತಿನ ಕೆಲಸ ಅಲ್ಲ ಅಂತ. ರಿಪೇರಿ ಇನ್ನೂ ಎರಡು ವರ್ಷ ಮುಂದೆ ಹೋಯ್ತು. ಆಯ್ತಾ? ಇನ್ನೂ ದೋಸೆ ಹಾಕಿ." ಫೋನ್ ಇಟ್ಟರು.

ಅಂದು ನಾನು ಡಬ್ಬಿಗೆ ಚಮಚ ಹಾಕುವುದನ್ನೇ ಮರೆತೆ. ಊರಿನವರ ಮೇಲೆ ಬಂದ ಸಿಟ್ಟಿಗಿಂತ ಇವರ ಮೇಲೆ ಬಂದ ಸಿಟ್ಟು ದೊಡ್ಡದು. ಸರಿಯಾದ ಮಾತು ಹೇಳುವವರು ಸ್ವಲ್ಪ ಮೆಲ್ಲಗೆ ಹೇಳಿದರೆ ಗಂಟೇನು ಹೋಗುತ್ತದೆ?

ಆ ಶರತ್ಕಾಲದಲ್ಲಿ ಊರಿನ ಕಚೇರಿಯವರು ಕಂದಾಯದ ದರ ಏರಿಸುವ ವಿಚಾರ ತೆಗೆದರು. ಮನೆ ಇದ್ದವರೆಲ್ಲ ವಿರೋಧ. ಪರವಾಗಿ ಊರೆಲ್ಲ ಮಾತಾಡುತ್ತ ತಿರುಗಿದವರು ಇವರೊಬ್ಬರೇ. ತಮಾಷೆ ಎಂದರೆ, ಆ ವರ್ಷ ಹೊಸ ಲೆಕ್ಕಾಚಾರ ಬಂದಿತ್ತು. ಮನೆ ಎಷ್ಟು ದೊಡ್ಡದೆಂದು ನೋಡುವುದಿಲ್ಲ, ಜಾಗ ಎಷ್ಟೆಂದು ನೋಡಿ ಕಂದಾಯ. ಫ್ಲಾಟಿನವರಿಗೂ ಸಾಲುಮನೆಯವರಿಗೂ ಕಡಿಮೆಯಾಯಿತು. ಇವರ ದೊಡ್ಡ ತೋಟಕ್ಕೆ ಹಿಂದಿನದಕ್ಕಿಂತ ಎಷ್ಟೋ ಪಟ್ಟು ಬಿದ್ದಿತ್ತು. ಅದರ ಮೇಲೆ ಇನ್ನೂ ಏರಿಸಿ ಎನ್ನುತ್ತಿದ್ದರು.

ಎಲ್ಲಿ ಮಾತಾಡಬೇಕು ಎಂಬ ಹದ ಅವರಿಗಿರಲಿಲ್ಲ. ಚೇತನ್ ಗೃಹಪ್ರವೇಶದ ದಿನ, ಸತ್ಯನಾರಾಯಣ ಪೂಜೆ ಮುಗಿದು, ಎಲ್ಲರೂ ಹೊಸ ಮನೆಯ ಹೊಸ ನೆಲದ ಮೇಲೆ ಕಾಗದದ ತಟ್ಟೆ ಹಿಡಿದು ಕೂತಿದ್ದೆವು. ಇವರು ಹೋಳಿಗೆ ಮುರಿಯುತ್ತ, "ಕಂದಾಯ ಎಷ್ಟು ಬಂತು ನಿನಗೆ?" ಎಂದರು. ಅವನು ಹೇಳಿದ. "ಇಷ್ಟೇಯಾ? ಸಾಲದು," ಎಂದರು. ಅವನ ಹೆಂಡತಿ ತುಪ್ಪದ ಬಟ್ಟಲು ಹಿಡಿದು ನಿಂತಲ್ಲೇ ನಿಂತಳು.

"ಆಂಟಿ, ಬ್ಯಾಂಕ್ ಲೋನೇ ಕುತ್ತಿಗೆಗೆ ಬಂದಿದೆ. ಪೂಜೆ ದಿನ ಇದೆಲ್ಲ ಬೇಕಾ?"

"ನಿನ್ನ ಮಗ ಒಂದನೇ ಕ್ಲಾಸಿಗೆ ಸೇರಿದ್ನಲ್ಲ. ಅವನು ಶಾಲೆಯಲ್ಲಿ ಕಕ್ಕಸಿಗೆ ಹೋಗ್ತಾನಾ?"

ಚೇತನ್ ತಟ್ಟೆಯನ್ನು ನೆಲಕ್ಕಿಟ್ಟ. ಹುಡುಗ ಮನೆಗೆ ಓಡಿ ಬಂದು ಶೂ ಬಿಚ್ಚುವುದಕ್ಕೂ ಮುಂಚೆ ಬಚ್ಚಲಿಗೆ ನುಗ್ಗುವುದು ನಮಗೆಲ್ಲ ಗೊತ್ತಿತ್ತು.

"ನಿಮ್ಗೇ ಅಷ್ಟೊಂದು ಬಂದಿದೆಯಂತೆ. ನೀವೇ ಹೋಗಿ ಜಾಸ್ತಿ ಮಾಡಿ ಅಂತೀರಲ್ಲ, ಏನ್ ಆಂಟಿ ನೀವು?"

"ನನಗೆ ಬಂದದ್ದು ಅನ್ಯಾಯ. ಅದಕ್ಕೆ ತಕರಾರು ಹಾಕಿದ್ದೇನೆ. ಅದು ಬೇರೆ ಜಗಳ, ಇದು ಬೇರೆ ಜಗಳ. ಎರಡು ಜಗಳ ಒಟ್ಟಿಗೆ ಮಾಡ್ಬಾರ್ದು ಅಂತ ಉಂಟಾ?"

ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡರು. ಅವತ್ತು ಮನೆಗೆ ಹೋಗುವಾಗ ನನ್ನ ಗಂಡ "ಮಕ್ಕಳಿಲ್ಲದವರಿಗೆ ಶಾಲೆ ಬಗ್ಗೆ ಯಾಕಿಷ್ಟು ಉಸಾಬರಿ" ಎಂದರು. ನನಗೂ ಅದೇ ಪ್ರಶ್ನೆಯಿತ್ತು. ಮಕ್ಕಳೆಂದರೆ ಅವರಿಗೆ ಅಂಥ ಮುದ್ದೂ ಇರಲಿಲ್ಲ. ನನ್ನ ಮಗಳಿಗೆ ಒಂದು ಚಾಕಲೇಟ್ ಕೊಟ್ಟವರಲ್ಲ. ಅವಳು ಹತ್ತಿರ ಬಂದರೆ ದೂರ ಕೂತುಕೊಳ್ಳುತ್ತಿದ್ದರು. ಕೇಳುತ್ತಿದ್ದುದು ಒಂದೇ: "ಇವತ್ತು ನೀರು ಕುಡಿದ್ಯಾ?" ಇಲ್ಲವೆಂದು ಅವಳು ತಲೆಯಾಡಿಸಿದರೆ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು.

ಕೌನ್ಸಿಲ್ ಸಭೆಯ ಮೊದಲಲ್ಲಿ ಊರಿನ ಜನ ಪ್ರಶ್ನೆ ಕೇಳಬಹುದು. ದರ ಏರಿಸುವ ಬಗ್ಗೆ ತೀರ್ಮಾನವಾಗುವ ದಿನ ನೀನೂ ಬಾ ಎಂದು ಹಟ ಹಿಡಿದರು.

"ಅಕ್ಕ, ನಮ್ದು ಬ್ಲೂ ಕಾರ್ಡು, ಬರೀ ಕೆಲಸದ ವೀಸಾ. ನಮಗೆ ವೋಟೇ ಇಲ್ಲ. ನಾನು ಬಂದು ಏನ್ ಮಾಡ್ಲಿ?"

"ವೋಟಿಲ್ಲ. ಬಾಯಿ ಉಂಟಲ್ಲ? ಬರುವಾಗ ಹುಡುಗಿಯ ಬಾಟಲಿ ತಾ. ಚೆಲ್ಬೇಡ."

ಹೋದೆ. ಯಾಕೆ ಹೋದೆ ಎಂದರೆ, ಆ ವಾರ ಮಗಳಿಗೆ ಎರಡನೇ ಸಲ ಸೋಂಕಾಗಿತ್ತು. ರಾಟ್‌ಹೌಸ್ ಎಂಬ ಊರಿನ ಕಚೇರಿಯ ಮೇಲಿನ ಹಾಲ್. ಮೊದಲು ಇವರು ಎದ್ದರು. ಈ ಕಟ್ಟಡದ ಕೆಳಗಿನ ಕಕ್ಕಸಿಗೆ ಈಗಷ್ಟೇ ಹೋಗಿ ಬಂದೆ, ಬಿಸಿನೀರು ಬರುತ್ತದೆ, ಹೂವಿನ ಪರಿಮಳ ಇದೆ, ಬಹಳ ಸಂತೋಷ. ಒಂದು ವಾರ ಸದಸ್ಯರೆಲ್ಲ ಶಾಲೆಯ ಕಕ್ಕಸಿಗೆ ಹೋಗಲಿ, ಮಕ್ಕಳು ಇಲ್ಲಿಗೆ ಬರಲಿ ಎಂದರು. ಕೆಲವರು ನಕ್ಕರು. ಒಬ್ಬಾತ ಗಡಿಯಾರ ನೋಡಿಕೊಂಡ. ಅವರು ಕೂತು ನನ್ನ ಮೊಣಕೈಗೆ ತಿವಿದರು.

ಎದ್ದು ನಿಂತವಳಿಗೆ ಬಾಯಿಪಾಠ ಮಾಡಿಕೊಂಡಿದ್ದ ಜರ್ಮನ್ ಎಲ್ಲ ಮರೆತುಹೋಯಿತು. ಸಹಾಯಕ್ಕೆ ಅವರ ಕಡೆ ನೋಡಿದರೆ, ಛಾವಣಿ ನೋಡುತ್ತ ಕೂತಿದ್ದಾರೆ! ಬಾಟಲಿಯನ್ನು ಮೇಯರ್ ಮುಂದಿನ ಮೇಜಿನ ಮೇಲಿಟ್ಟೆ. ಇದು ನನ್ನ ಮಗಳದು, ಬೆಳಿಗ್ಗೆ ತುಂಬಿಸಿ ಕಳಿಸಿದೆ, ಸಂಜೆ ಹೀಗೇ ಬಂದಿದೆ, ದಿನವೂ ಹೀಗೇ ಬರುತ್ತದೆ, ಅವಳಿಗೆ ಎರಡು ಸಲ ಜ್ವರ ಬಂದಿದೆ ಎಂದೆ. ಮುಂದೆ ಏನು ಹೇಳಬೇಕೆಂದು ತಿಳಿಯದೆ ಕೂತೆ. ಯಾರೂ ನಗಲಿಲ್ಲ. ಆ ಬಾಟಲಿಯ ಮೇಲೆ ಕುದುರೆಯ ಚಿತ್ರವಿತ್ತು. ದರದ ಚರ್ಚೆ ನಡೆಯುವಾಗಲೂ ಅದನ್ನು ತೆಗೆಯಲು ಯಾರಿಗೂ ತೋಚದೆ ಅದು ಅಲ್ಲೇ ಮೇಜಿನ ಮೇಲಿತ್ತು. ಏರಿಸುವ ತೀರ್ಮಾನ ಕೂದಲೆಳೆಯಲ್ಲಿ ಪಾಸಾಯಿತು.

ಬಸ್ ಸ್ಟಾಪಿನಲ್ಲಿ ಹೊಗಳಿಕೆಗೆ ಕಾದೆ. "ಎರಡು ಕಡೆ ವ್ಯಾಕರಣ ತಪ್ಪಿತು," ಎಂದರು. ನನಗೆ ರೇಗಿಹೋಯಿತು.

"ಸಾಕು ಅಕ್ಕ! ನಿಮಗ್ಯಾಕೆ ಇಷ್ಟೆಲ್ಲ? ಮಕ್ಕಳಿಲ್ಲ ಮರಿಯಿಲ್ಲ. ಕಟ್ಟೋದು ಜಾಸ್ತಿ ಆಯ್ತು, ಊರೋರೆಲ್ಲ ಬೈತಾರೆ. ಏನು ಸಿಗತ್ತೆ ನಿಮಗೆ?"

ಅವರು ಬಸ್ಸಿನ ವೇಳಾಪಟ್ಟಿ ನೋಡುತ್ತಲೇ ಹೇಳಿದರು.

"ಹತ್ತನೇ ಕ್ಲಾಸಿನ ಗಣಿತದ ಪರೀಕ್ಷೆ. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಕಕ್ಕಸು ಇರ್ಲಿಲ್ಲ. ತಡೆದುಕೊಂಡೇ ಬರೀತಾ ಇದ್ದೆ. ಕಡೆಯ ಒಂದು ಲೆಕ್ಕ ಉಳಿದಿತ್ತು. ಮತ್ತೆ ಆಗ್ಲಿಲ್ಲ. ಪೇಪರ್ ಕೊಟ್ಟು ಗುಡ್ಡೆಗೆ ಓಡಿದೆ."

"ಅಯ್ಯೋ."

"ಅಯ್ಯೋ ಎಂತದ್ದು? ಲೆಕ್ಕ ಬರ್ತಿತ್ತು ನನಗೆ. ಈಗಲೂ ಬರ್ತದೆ."

ಮಂಜು ಕಟ್ಟಿದ್ದ ಸ್ಟಾಪಿನ ಗಾಜಿನ ಮೇಲೆ ಬೆರಳಿನಿಂದ ಆ ಲೆಕ್ಕ ಬರೆದು, ನಾನು ಬೇಡವೆಂದರೂ ಬಿಡದೆ, ಬಸ್ ಬರುವವರೆಗೆ ಹಂತಹಂತವಾಗಿ ಬಿಡಿಸಿ ತೋರಿಸಿದರು. ಉತ್ತರದ ಕೆಳಗೆ ಎರಡು ಗೆರೆ ಎಳೆದರು. ನನಗೆ ಚಳಿಗೆ ಕಾಲು ಮರಗಟ್ಟಿತ್ತು. ಆದರೂ ಅವರ ಮುಖವನ್ನೇ ನೋಡುತ್ತ ನಿಂತೆ. ಇಂಥ ಮುದುಕಿಯನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅಪ್ಪಿಕೊಂಡಿದ್ದರೆ ದೂರ ತಳ್ಳುತ್ತಿದ್ದರು ಅಷ್ಟೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಕಂದಾಯ ಏರಿತು, ಎಲ್ಲರ ಮನೆಗೂ ಹೊಸ ನೋಟೀಸು ಬಂತು. ಕಕ್ಕಸು ಮಾತ್ರ ಹಾಗೇ. ಕಂದಾಯದ ದುಡ್ಡನ್ನು ಇಂಥದ್ದಕ್ಕೇ ಎಂದು ಎತ್ತಿಡುವ ಹಾಗಿಲ್ಲವಂತೆ, ಎಲ್ಲ ಒಂದೇ ಬೊಕ್ಕಸಕ್ಕೆ ಹೋಗುತ್ತದಂತೆ. ಮೊದಲು ಅಗ್ನಿಶಾಮಕದವರ ಛಾವಣಿ ರಿಪೇರಿಯಾಯಿತು. ಚೇತನ್ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಛಾವಣಿಯ ಫೋಟೊ ಹಾಕಿ, "ಮಗಾ, ನಮ್ ಕಂದಾಯ ನೋಡ್ರೋ" ಎಂದು ಬರೆದ. ಇವರ ಪಕ್ಕದ ಮನೆಯ ಜರ್ಮನ್ ಮುದುಕ ಇವರ ಪಾರ್ಸೆಲ್‌ಗಳನ್ನು ತೆಗೆದಿಟ್ಟುಕೊಳ್ಳುವುದನ್ನು ನಿಲ್ಲಿಸಿದ. "ಹೋಗ್ಲಿ ಬಿಡು, ನನಗೂ ನಡೆದ ಹಾಗಾಯ್ತು," ಎನ್ನುತ್ತ ಏರು ಇಳಿದು ಪೋಸ್ಟ್ ಆಫೀಸಿನಿಂದ ತಾವೇ ತಂದುಕೊಳ್ಳುತ್ತಿದ್ದರು. ಸಹಾಯ ಮಾಡುತ್ತೇನೆಂದರೆ ಬೈಯುತ್ತಿದ್ದರು.

ಪ್ರತಿ ಸಭೆಗೂ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಶಾಲೆಯ ಕಕ್ಕಸು ಯಾವಾಗ? ಕೊನೆಕೊನೆಗೆ ಅವರು ಎದ್ದು ನಿಲ್ಲುವಷ್ಟರಲ್ಲೇ ಮೇಯರ್ ಉತ್ತರ ಕೊಟ್ಟುಬಿಡುತ್ತಿದ್ದರಂತೆ. ಇವರು ಬಿಡುತ್ತಿರಲಿಲ್ಲ, ಪ್ರಶ್ನೆ ಕೇಳದೆ ಉತ್ತರ ಹೇಗೆ ಕೊಡುತ್ತೀರಿ ಎಂದು ಪೂರ್ತಿ ಕೇಳಿಯೇ ಕೂರುತ್ತಿದ್ದರಂತೆ. ಆ ಮೇಯರ್ ಬಗ್ಗೆ ನನಗೆ ಕನಿಕರವೂ ಬಂದಿದ್ದುಂಟು.

ಕಳೆದ ಶರತ್ಕಾಲದಲ್ಲಿ ಇವರು ಕೂತೇ ಪ್ರಶ್ನೆ ಕೇಳಿದರು ಎಂದು ಯಾರೋ ಹೇಳಿದಾಗ ನನಗೆ ಹೆದರಿಕೆಯಾಯಿತು. ಶ್ವಾಸಕೋಶದ ತೊಂದರೆ. ಆಸ್ಪತ್ರೆಗೆ ಹೋದಾಗ ಮೂಗಿಗೆ ನಳಿಗೆ ಹಾಕಿಕೊಂಡು ದಿಂಬಿಗೊರಗಿದ್ದರು. ಸಾರು ತಂದಿದ್ದೆ. ಹೇಗಿದ್ದೀರಿ ಎನ್ನುವಷ್ಟರಲ್ಲಿ ಅವರೇ ಕೇಳಿದರು.

"ಕೆಲಸ ಶುರುವಾಯ್ತಾ?"

"ಶುರುವಾಯ್ತು ಅಕ್ಕ. ಗೋಡೆ ಒಡೆದು ಪೈಪೆಲ್ಲ ಕಿತ್ತಿದಾರೆ. ಮಕ್ಕಳಿಗೆ ಅಂಗಳದಲ್ಲಿ ತಾತ್ಕಾಲಿಕವಾಗಿ ಒಂದು ಡಬ್ಬಾ ತಂದಿಟ್ಟಿದಾರೆ. ಅದು ಇನ್ನೂ ಘೋರ."

ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ, ಮೊಣಕೈಗೆ ತಿವಿದದ್ದನ್ನು ಬಿಟ್ಟರೆ.

"ಬಣ್ಣ ಬೇಗ ಹೊಡೀಲಿಕ್ಕೆ ಬಿಡ್ಬೇಡ. ಗೋಡೆ ಪೂರ್ತಿ ಒಣಗ್ಲಿ. ಅವರಿಗೆ ಅವಸರ ಇರ್ತದೆ. ನೀನು ಹೋಗಿ ಮುಟ್ಟಿ ನೋಡು."

ಸಾರಿಗೆ ಉಪ್ಪು ಸಾಲದು ಎಂದೂ ಹೇಳಿದರು. ಮುಂದಿನ ವಾರ ಹೋಗುವಷ್ಟರಲ್ಲಿ ಆ ಹಾಸಿಗೆಯಲ್ಲಿ ಬೇರೆಯವರಿದ್ದರು.

ಹಾಗಾಗಿ ಉದ್ಘಾಟನೆಯ ದಿನ ಮೇಯರ್ ಭಾಷಣ ಮಾಡುತ್ತಿದ್ದಾಗ ನಾನು ಹಿಂದೆ ನಿಂತು ಗೋಡೆಗೆ ಅಂಗೈ ಒತ್ತುತ್ತಿದ್ದೆ. ಅಲ್ಲೊಂದು ಕಡೆ, ಇಲ್ಲೊಂದು ಕಡೆ. ಎಲ್ಲ ಕಡೆಯೂ ಒಣಗಿತ್ತು. ಪಕ್ಕದಲ್ಲಿದ್ದ ಜರ್ಮನ್ ತಾಯಿಯೊಬ್ಬಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಭಾಷಣದಲ್ಲಿ ಯಾರ ಹೆಸರೂ ಹೇಳದೆ, ಊರಿನ ಜವಾಬ್ದಾರಿಯುತ ನಾಗರಿಕರು ಎಂದು ಒಮ್ಮೆ ಪ್ರಸ್ತಾಪ ಬಂತು, ಅಷ್ಟೆ.

ಅಂದು ಸಂಜೆ ಚೇತನ್ ಗುಂಪಿನಲ್ಲಿ ಬರೆದ: ಏನೇ ಆಗಲಿ ಆಂಟಿ ಗ್ರೇಟ್, ನಾವೆಲ್ಲ ಸೇರಿ ಅವರ ಹೆಸರಿನಲ್ಲಿ ಅಲ್ಲಿ ಒಂದು ಬೋರ್ಡ್ ಹಾಕಿಸೋಣ, ಫೋಟೊ ಇದ್ದರೆ ಕಳಿಸಿ. ಕೈಮುಗಿದ ಚಿಹ್ನೆಗಳ ಸಾಲೇ ಬಂತು. ಅವರಿದ್ದಾಗ ಅವರನ್ನು ಕಂಡರೆ ರಸ್ತೆ ದಾಟುತ್ತಿದ್ದವರೂ ಕೈಮುಗಿದಿದ್ದರು. ನನಗೆ ತಲೆ ಸಿಡಿಯಿತು. "ದಯವಿಟ್ಟು ಬೇಡ. ಅವರ ಹೆಸರು ಎಲ್ಲೂ ಹಾಕಬೇಡಿ. ಕಂದಾಯ ಕಟ್ಟಿ ಸಾಕು," ಎಂದು ಬರೆದೆ. ನಿನಗೆ ಅವರ ಗಾಳಿ ಬಡಿದಿದೆ ಎಂದು ಯಾರೋ ಬರೆದರು. ಇನ್ನೂ ಜಗಳ ನಡೆದೇ ಇದೆ. ಅಲ್ಲಿ ಬೇಡವೆಂದವಳು ಇಲ್ಲಿ ಹೇಗೆ ಬರೆಯಲಿ? ಅವರ ಹೆಸರು ನನ್ನಲ್ಲೇ ಇರಲಿ.

ಮೊನ್ನೆ ಒಗ್ಗರಣೆಗೆಂದು ಕಿಟಕಿಗೆ ಕೈ ಚಾಚಿದರೆ ಕರಿಬೇವಿನ ಗಿಡ ಬಾಡಿತ್ತು. ಎಲೆಗಳೆಲ್ಲ ಜೋತುಬಿದ್ದು, ತುದಿ ಒಣಗಿತ್ತು. ಈಗ ನನ್ನ ಎದೆಮಟ್ಟಕ್ಕೆ ಬೆಳೆದಿರುವ ಗಿಡ, ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಹುಳ ಬಿದ್ದಿದೆಯೇ ಎಂದು ಎಲೆ ತಿರುಗಿಸಿ ನೋಡಿದೆ, ಇಲ್ಲ. ಹೀಟರಿನ ಶಾಖವೇ? ಹೀಟರ್ ಆರಿಸಿ ಎಷ್ಟೋ ದಿನವಾಗಿದೆ. ಬೆರಳಿನಿಂದ ಮಣ್ಣು ಕೆದಕಿದೆ. ಬುಡದವರೆಗೂ ಪುಡಿಪುಡಿಯಾಗಿ ಒಣಗಿತ್ತು. ಯಾಕ್ರೀ, ಇದಕ್ಕೆ ಯಾರೂ ನೀರೇ ಹಾಕಿಲ್ವಾ ಎಂದು ಗಂಡನ ಮೇಲೆ ಕೂಗಹೊರಟವಳು ಹಾಗೇ ನಿಂತೆ.

ಶಾಲೆಯ ಬ್ಯಾಗಿನಿಂದ ಬಾಟಲಿ ತೆಗೆದು ಅಲ್ಲಾಡಿಸಿದೆ. ಖಾಲಿ. ಹಿಂದಿನ ದಿನವೂ ಖಾಲಿ ಬಂದಿತ್ತು, ಅದರ ಹಿಂದಿನ ದಿನವೂ. ತೊಳೆದು ಬೋರಲು ಹಾಕುತ್ತಿದ್ದೆ, ಗಮನಿಸಿರಲಿಲ್ಲ.

ಸರಿ, ಇನ್ನು ಇದಕ್ಕೂ ನಾನೇ ನೀರು ಹಾಕಬೇಕು. ಅಕ್ಕನನ್ನು ಬಾಯಿತುಂಬ ಬೈಯುತ್ತ ನಲ್ಲಿ ತಿರುಗಿಸಿದೆ.